ವಾದಿ ಕಬೀರಿನ ಕೋಲ್ಡ್ ರೂಮಿನಲ್ಲಿ ಜಪಾನಿನ ಬಿಯರ್

ಆಹಾರ ಮತ್ತು ಪಾನೀಯಗಳ ಗುಣಮಟ್ಟ ನೋಡುವ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನಗೆ ಫೋನ್ ಮಾಡುತ್ತಾರೆ. ನಾನು ಮಸ್ಕತ್ತಿನಲ್ಲಿ ಹತ್ತು ಹನ್ನೆರಡು ವರ್ಷ ಬಿಯರ್ ರುಚಿ ನೋಡಿ ಸಂಬಳ ಪಡೆದವನು ಎಂದು ಯಾರೋ ಹೇಳಿರುತ್ತಾರೆ. "ಸರ್, ಸಖತ್ ಮಜಾ ಇದ್ದಿರಬೇಕಲ್ವಾ?" ಎಂದು ಕೇಳುತ್ತಾರೆ. ಬೆಳಿಗ್ಗೆ ಹತ್ತು ಗಂಟೆಗೆ ಅರೆ ಹೊಟ್ಟೆಯಲ್ಲಿ ಎಂಟು ಲೋಟ ಬಿಯರ್ ಮೂಸಿ, ಬಾಯಲ್ಲಿಟ್ಟು, ಸ್ಟೀಲ್ ಬಕೆಟ್ಟಿಗೆ ಉಗುಳಿ, ಕಾಗದದ ಮೇಲೆ 'ನೆನೆದ ರಟ್ಟಿನ ವಾಸನೆ, ಮೂರನೇ ದರ್ಜೆ' ಎಂದು ಬರೆಯುವುದರಲ್ಲಿ ಎಷ್ಟು ಮಜಾ ಇದೆಯೋ ಅಷ್ಟು ಇತ್ತು ಎನ್ನುತ್ತೇನೆ. ನಿಜ ಹೇಳಬೇಕೆಂದರೆ, ಸ್ವಲ್ಪ ಹೆಚ್ಚೇ ಇತ್ತು. ಆ ಬಕೆಟ್ಟನ್ನೂ ಈಗ ಪ್ರೀತಿಯಿಂದ ನೆನೆಯುತ್ತೇನೆ.

ಆದರೆ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ. ಮಾಡುವಾಗ ಅಂಟಿದ ರೋಗ ಇದು. ಮಾದರಿ ಒಂದೇ ಇದ್ದರೆ ಫಲಿತಾಂಶ ನಂಬಬೇಡ ಎಂದು ಕಲಿಸಿದ್ದರು. ಒಬ್ಬನ ನೆನಪು ಎಂದರೆ ಒಂದೇ ಮಾದರಿ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಎಲ್ಲಿ ಖಚಿತವಿಲ್ಲವೋ ಅಲ್ಲಿ ಹಾಗೆಂದೇ ಹೇಳುತ್ತೇನೆ.

ನಮ್ಮ ಕಂಪನಿಯ ಗೋದಾಮು ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯಲ್ಲಿತ್ತು. ಅತ್ತ ಇತ್ತ ಗ್ಯಾರೇಜುಗಳು, ಎದುರಿಗೆ ಲಾರಿಗೆ ಬಣ್ಣ ಬಳಿಯುವ ಶೆಡ್ಡು. ಕಾಂಪೌಂಡಿನ ಒಂದು ಬದಿ ಜ್ಯೂಸು, ಬಿಸ್ಕತ್ತು, ಡಬ್ಬಿ ಆಹಾರ. ಇನ್ನೊಂದು ಬದಿ, ಪ್ರತ್ಯೇಕ ಬೀಗದ ಹಿಂದೆ, ಹೋಟೆಲ್ ಬಾರುಗಳಿಗೂ ಪರ್ಮಿಟ್ ಇದ್ದವರಿಗಷ್ಟೇ ಮಾರುವ ಅಂಗಡಿಗಳಿಗೂ ಹೋಗುವ ಮದ್ಯ. ಊರಿನವರು ಕೇಳಿದರೆ ಬಿಸ್ಕತ್ತಿನ ಬದಿಯನ್ನಷ್ಟೇ ಹೇಳುತ್ತಿದ್ದೆ. ನಮ್ಮತ್ತೆ ಮಾತ್ರ, "ಇಷ್ಟು ವರ್ಷ ಆಯ್ತು, ಅಳಿಯಂದ್ರು ಒಂದು ಪ್ಯಾಕೆಟ್ ಬಿಸ್ಕತ್ತೂ ತಂದಿಲ್ಲ" ಎನ್ನುತ್ತಿದ್ದರು. ಅವರಿಗೆ ಗೊತ್ತಿತ್ತೆಂದೇ ಈಗ ಅನಿಸುತ್ತದೆ.

ಸ್ಟೋರ್ ಕೀಪರ್ ಫೆಲಿಕ್ಸ್, ಉಡುಪಿ ಬದಿಯ ಶಿರ್ವದವನು, ಮನೆಮಾತು ಕೊಂಕಣಿ. ನಾನು ಬಿಳಿ ಕೋಟು ಹಾಕುತ್ತಿದ್ದುದರಿಂದ ನನ್ನನ್ನು ಡಾಕ್ಟರ್ ಎಂದು ಕರೆಯಲು ಶುರುಮಾಡಿದವನು ಅವನೇ. ಜ್ವರ ಬಂದವರೂ ನನ್ನ ಹತ್ತಿರ ಬರುವಷ್ಟು ಆ ಹೆಸರು ಅಂಟಿತು. ಮ್ಯಾನೇಜರ್ ಶೆಣೈ ಮಂಗಳೂರಿನವರು. ಒಳ್ಳೆಯ ಮನುಷ್ಯ, ಆದರೆ ಯಾವ ಸಮಸ್ಯೆಗೂ ಒಬ್ಬ ಮನುಷ್ಯನ ಹೆಸರು ಅಂಟಿಸದೆ ಬಿಡುತ್ತಿರಲಿಲ್ಲ. ಗೇಟಿನಲ್ಲಿ ಸಾಲಿಂ ಕೂತಿರುತ್ತಿದ್ದ. ಒಳನಾಡಿನ ಇಬ್ರಿ ಎಂಬ ಊರಿನವನು, ಐವತ್ತು ದಾಟಿದ ಒಮಾನಿ. ನಮ್ಮ ಜತೆ ಹಿಂದಿಯಲ್ಲಿ ಮಾತಾಡುತ್ತಿದ್ದ. ವಾರದ ರಜೆಗೆ ಊರಿಗೆ ಹೋಗಿ ಬಂದಾಗ ಖರ್ಜೂರ ತಂದು ಎಲ್ಲರ ಮೇಜಿನ ಮೇಲೂ ಒಂದೊಂದು ಹಿಡಿ ಇಡುತ್ತಿದ್ದ.

ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ವಿದ್ಯುತ್ ಮತ್ತು ನೀರಿನ ಸ್ಥಾವರಗಳ ಕೆಲಸಕ್ಕೆ ಜಪಾನಿನ ಎಂಜಿನಿಯರುಗಳು ಬಂದಿದ್ದರು. ಒಂದು ದೊಡ್ಡ ಹೋಟೆಲಿನಲ್ಲಿ ಜಪಾನಿ ಊಟದ ಮನೆ ತೆರೆದಿತ್ತು. ಜಪಾನಿನಲ್ಲಿ ಅದಕ್ಕೆ ಸುಮಾರು ಹತ್ತು ವರ್ಷ ಮುಂಚೆ ಕಾನೂನು ಸಡಿಲಿಸಿ, ಸಣ್ಣ ಪ್ರಮಾಣದಲ್ಲಿ ಬಿಯರ್ ಮಾಡಲು ಅನುಮತಿ ಕೊಟ್ಟಿದ್ದರು. ಊರೂರಿನಲ್ಲಿ ಸಣ್ಣ ಬಿಯರ್ ಮನೆಗಳು ಎದ್ದವಂತೆ. ಮೊದಮೊದಲು ಪ್ರವಾಸಿಗಳು ಒಮ್ಮೆ ಕೊಂಡು ಮರೆಯುವಂಥ ಬಿಯರ್. ಅವುಗಳಲ್ಲಿ ಬಹಳಷ್ಟು ಮುಚ್ಚಿದವು. ಉಳಿದವರು ಹಟದಿಂದ ಕಲಿತವರು. ಅಕ್ಕಿಯ ಮದ್ಯ ಸಾಕೆ ಮಾಡುತ್ತಿದ್ದ ಹಳೆಯ ಮನೆತನಗಳೂ ಅದರಲ್ಲಿದ್ದವು. ಅಂಥ ಬಿಯರ್ ತರೋಣ ಎಂದು ಶೆಣೈ ಹೊರಟರು.

ಜಪಾನಿಗೆ ನನ್ನನ್ನು ಯಾರೂ ಕಳಿಸಲಿಲ್ಲ. ಜಪಾನೇ ಆರಾರು ಬಾಟಲಿಯ ಪೆಟ್ಟಿಗೆಗಳಲ್ಲಿ ವಿಮಾನದಲ್ಲಿ ಬಂತು. ಪ್ರತಿ ಬುಧವಾರ ಬೆಳಿಗ್ಗೆ ಫೆಲಿಕ್ಸ್ ಮತ್ತು ನಾನು ರುಚಿ ನೋಡಲು ಕೂರುತ್ತಿದ್ದೆವು. ಆ ದಿನ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿಗೆ ಒಗ್ಗರಣೆ ಇಲ್ಲ, ಕಾಫಿ ಇಲ್ಲ. "ಬೇರೆಯವರ ಗಂಡಂದಿರು ದೇವರಿಗೆ ಉಪವಾಸ ಮಾಡ್ತಾರೆ" ಎಂದು ಹೆಂಡತಿ ಗೊಣಗುತ್ತಿದ್ದಳು.

ಮೊದಲ ವಾರವೇ ಎಡವಿದೆ. ಗೋಧಿಯಿಂದ ಮಾಡಿದ ಒಂದು ಬಿಯರ್ ಕದಡಿದಂತಿತ್ತು. ಬಾಳೆಹಣ್ಣಿನ, ಲವಂಗದ ವಾಸನೆ. ಮಸ್ಕತ್ತಿಗೆ ಬರುವ ಮೊದಲು ಹಾಲಿನ ಡೈರಿಯಲ್ಲಿ ಒಡೆದ ಹಾಲು ನೋಡಿ ಪಳಗಿದ ನಾನು, 'ಸೋಂಕು ತಗುಲಿದೆ, ತಿರಸ್ಕರಿಸಲಾಗಿದೆ' ಎಂದು ಬರೆದು ಕಳಿಸಿದೆ. ಆ ಜಾತಿಯ ಬಿಯರ್ ಇರಬೇಕಾದದ್ದೇ ಹಾಗೆ. ಬಿಯರ್ ಮನೆಯವರು ಉತ್ತರದಲ್ಲಿ, ಬಾಳೆ, ಲವಂಗ ಎರಡನ್ನೂ ಸರಿಯಾಗಿ ಹಿಡಿದ ನನ್ನ ಸೂಕ್ಷ್ಮ ಮೂಗಿಗೆ ಧನ್ಯವಾದ ಹೇಳಿದ್ದರು. ತಪ್ಪನ್ನು ಅದಕ್ಕಿಂತ ನಯವಾಗಿ ನನಗೆ ಯಾರೂ ತೋರಿಸಿಲ್ಲ.

ಫೆಲಿಕ್ಸ್ ಮಾತ್ರ ಅವತ್ತೇ ಹೇಳಿದ್ದ. "ಡಾಕ್ಟ್ರೇ, ಇದು ಹಾಳಾದದ್ದಲ್ಲ ಮಾರಾಯ್ರೆ, ಇದಕ್ಕೆ ಜೀವ ಉಂಟು. ನಮ್ಮ ಅಮ್ಮ ಸಾನ್ನಾ ಇಡ್ಲಿ ಮಾಡ್ಲಿಕ್ಕೆ ಅಕ್ಕಿಹಿಟ್ಟಿಗೆ ಕಳ್ಳು ಹಾಕಿ ಇಡ್ತಾರಲ್ಲ, ಬೆಳಿಗ್ಗೆ ಮುಚ್ಚಳ ತೆಗೆದ್ರೆ ಇದೇ ಪರಿಮಳ."

"ಪರಿಮಳ ಪುರಾವೆ ಅಲ್ಲ ಕಣ್ರೀ."

"ನಿಮ್ಮ ಮೈಕ್ರೋಸ್ಕೋಪಿಗೆ ಮೂಗು ಉಂಟಾ?"

ಅವನ ಮೂಗನ್ನು ಗೌರವಿಸಲು ನನಗೆ ಒಂದು ವರ್ಷ ಹಿಡಿಯಿತು. ಇಂಗ್ಲಿಷಿನಲ್ಲಿ ಬಂದ ರುಚಿಪಟ್ಟಿಯಲ್ಲಿ ನಾವು ಕಂಡೇ ಇರದ ಹಣ್ಣುಗಳ ಹೆಸರುಗಳಿದ್ದವು. ಅದನ್ನು ಬಿಟ್ಟು ನಮ್ಮದೇ ಪಟ್ಟಿ ಮಾಡಿಕೊಂಡೆವು: ಹುಳಿ ಬಂದ ದೋಸೆಹಿಟ್ಟು, ಹಳೆ ಗೋಣಿ, ಸೀದ ಬೆಲ್ಲ. ಯುಜು ಎಂಬ ಅವರ ನಿಂಬೆ ಜಾತಿಯ ಬಿಯರ್ ಬಂದಾಗ ನಾನು ಹೇರಳೆಕಾಯಿ ಎಂದು ಬರೆದೆ. ಇನ್ನೊಂದು ಬಿಯರಿಗೆ ಸಾನ್ಶೊ ಎಂಬ ಕಾಳು ಹಾಕಿದ್ದರು. ಒಂದು ಗುಟುಕಿಗೆ ನಾಲಿಗೆ ಜುಮ್ಮೆಂದಿತು. ಫೆಲಿಕ್ಸ್ ಕುರ್ಚಿಯಿಂದ ಎದ್ದೇಬಿಟ್ಟ. "ಸರ್, ಇದು ನಮ್ಮ ತೆಫಳ! ಬಂಗುಡೆ ಸಾರಿಗೆ ಹಾಕುವುದು!" ನಾನು ನಂಬದೆ ಪುಸ್ತಕ ತೆಗೆದು ನೋಡಿದೆ. ಎರಡೂ ಒಂದೇ ಸಸ್ಯಕುಲದವು. ಅಂದು ಶೆಣೈಯವರೂ ಬಂದು ಒಂದು ಗುಟುಕು ಬಾಯಲ್ಲಿಟ್ಟು, ಉಗುಳದೆ ನುಂಗಿ, ಊರಿನ ಅಡಿಗೆಮನೆ ನೆನಪಾದವರಂತೆ ಲೋಟವನ್ನು ಮತ್ತೆ ಮುಂದೆ ಹಿಡಿದರು.

ಕೊನೆಗೆ ಆರಿಸಿದ್ದು ಹಿಮ ಬೀಳುವ ಒಂದು ಸಣ್ಣ ಊರಿನ ನಕಾನೊ ಎಂಬವರ ಬಿಯರನ್ನು. ತಲೆಮಾರುಗಳಿಂದ ಸಾಕೆ ಮಾಡುತ್ತಿದ್ದ ಮನೆ ಅವರದು. ಕೆಂಪಕ್ಕಿ ಬೆರೆಸಿದ ಬಿಯರ್, ತಳದಲ್ಲಿ ಯೀಸ್ಟಿನ ಗಸಿ. ಬಿಸಿ ಮಾಡಿ ಯೀಸ್ಟಿನ ಜೀವ ತೆಗೆದದ್ದಲ್ಲವಾದ್ದರಿಂದ ಸದಾ ತಂಪಿನಲ್ಲೇ ಇಡಬೇಕು. ಶೈತ್ಯ ಕಂಟೇನರಿನಲ್ಲಿ ಹೊರಟದ್ದು ಕಾಗದಪತ್ರಗಳ ಗೊಂದಲದಲ್ಲಿ ತಡವಾಗಿ, ರಂಜಾನಿಗೆ ಒಂದು ವಾರವಿರುವಾಗ ಬಂತು. ರಂಜಾನ್ ತಿಂಗಳಿಡೀ ಬಾರುಗಳೂ ಮದ್ಯದಂಗಡಿಗಳೂ ಮುಚ್ಚಿರುತ್ತವೆ. ಹಾಗಾಗಿ ಆ ಪೆಟ್ಟಿಗೆಗಳು ನಮ್ಮ ಕೋಲ್ಡ್ ರೂಮಿನಲ್ಲಿ ಒಂದು ತಿಂಗಳು ಕಾಯಬೇಕಾಯಿತು. ನಾಲ್ಕು ಡಿಗ್ರಿಯಲ್ಲಿದ್ದರೆ ಏನೂ ಆಗುವುದಿಲ್ಲ ಎಂದು ಬರೆದುಕೊಟ್ಟವನು ನಾನು. ಅದು 2005 ಅಥವಾ 2006. ಅಕ್ಟೋಬರಿನಲ್ಲೂ ಸೆಕೆ ಬಿಟ್ಟಿರಲಿಲ್ಲ ಎಂಬುದು ಮಾತ್ರ ಖಚಿತ.

ಉಪವಾಸದ ತಿಂಗಳಲ್ಲಿ ಹಗಲು ನಾವು ಯಾರ ಕಣ್ಣೆದುರೂ ತಿನ್ನುವುದಾಗಲಿ ನೀರು ಕುಡಿಯುವುದಾಗಲಿ ಮಾಡುತ್ತಿರಲಿಲ್ಲ. ಕಾನೂನು ಒಂದು ಕಡೆ, ಸಾಲಿಂ ಒಂದು ಕಡೆ. ಗೇಟಿನಲ್ಲಿ ಒಣ ತುಟಿಯಲ್ಲಿ ಕೂತ ಮನುಷ್ಯನ ಮುಂದೆ ಬುತ್ತಿ ಬಿಚ್ಚುವುದು ಹೇಗೆ? ಹಿಂದಿನ ವರ್ಷಗಳಲ್ಲಿ ಮಹಡಿಯ ಒಂದು ಸಣ್ಣ ಕೋಣೆಯಲ್ಲಿ ಊಟ ಮಾಡುತ್ತಿದ್ದೆವು. ಆ ವರ್ಷ ಅದನ್ನು ಕಡತ ತುಂಬಲು ತೆಗೆದುಕೊಂಡಿದ್ದರು. ಕೋಲ್ಡ್ ರೂಮಿಗೆ ಮೊದಲು ಒಂದು ಸಣ್ಣ ಮುಂಗೋಣೆ ಇತ್ತು. ಹೊರಬಾಗಿಲು ಹಾಕಿಕೊಂಡರೆ ಯಾರಿಗೂ ಕಾಣುವುದಿಲ್ಲ. ಅಲ್ಲಿ ಊಟ ಮಾಡೋಣ ಎಂದವನು ನಾನು. ಈ ಒಂದು ವಿಷಯದಲ್ಲಿ ನನಗೆ ಸಂಶಯವಿಲ್ಲ. ಇದ್ದಿದ್ದರೆ ಸಂತೋಷವಾಗುತ್ತಿತ್ತು.

ಮುಂಗೋಣೆ ಕುಲುಮೆಯಂತಿತ್ತು. ಹಾಗಾಗಿ ಒಳಬಾಗಿಲನ್ನು, ಅಂದರೆ ಬಿಯರ್ ಇದ್ದ ಕೋಣೆಯ ಬಾಗಿಲನ್ನು, ಒಂದು ಪೆಟ್ಟಿಗೆ ಒತ್ತುಕೊಟ್ಟು ತೆರೆದಿಡುತ್ತಿದ್ದೆವು. ಹನ್ನೆರಡರಿಂದ ಒಂದರವರೆಗೆ ಪ್ರತಿದಿನ. ಫೆಲಿಕ್ಸ್, ನಾನು, ಜತೆಗೆ ಇನ್ನಿಬ್ಬರು. ತಣ್ಣನೆ ಗಾಳಿ ಕಾಲ ಮೇಲೆ ಹರಿಯುತ್ತಿತ್ತು. ನನ್ನ ಡಬ್ಬಿಯಲ್ಲಿ ಮೊಸರನ್ನ, ಅವನದರಲ್ಲಿ ಹುರಿದ ಮೀನು. ಫೆಲಿಕ್ಸನ ಮಗಳು ಹತ್ತನೇ ತರಗತಿಯಲ್ಲಿದ್ದಳು, ವಾದಿ ಕಬೀರಿನ ಇಂಡಿಯನ್ ಸ್ಕೂಲಿನಲ್ಲಿ. "ನಾನು ಕೊಂಕಣಿಯಲ್ಲಿ ಬೈದ್ರೆ ಅವಳು ಇಂಗ್ಲಿಷಲ್ಲಿ ಉತ್ತರ ಕೊಡ್ತಾಳೆ. ಎಂತ ಹೇಳಿದ್ಲು ಅಂತ ಕೇಳ್ಲಿಕ್ಕೆ ನಾಚಿಕೆ" ಎನ್ನುತ್ತಿದ್ದ. ಮೂವತ್ತು ವರ್ಷಗಳ ಕೆಲಸದಲ್ಲಿ ನಾನು ಉಂಡ ಅತ್ಯಂತ ಸುಖದ ಊಟಗಳು ಅವು.

ಈದ್ ಮುಗಿದು ಬಾರುಗಳು ತೆರೆದವು. ಮರುವಾರವೇ ಹೋಟೆಲಿನವರು ಬಿಯರ್ ವಾಪಸು ಕಳಿಸಿದರು. ನಾನು ಒಂದು ಬಾಟಲಿ ತೆರೆದೆ. ಕೆಂಪಕ್ಕಿಯ ಸುವಾಸನೆ ಹೋಗಿ, ನೆನೆದ ರಟ್ಟಿನ ವಾಸನೆ, ಮೇಲೆ ಹುಳಿ. ಫೆಲಿಕ್ಸನ ಮುಖ ನೋಡಿದೆ. ಅವನು ಬಕೆಟ್ ಮುಂದಕ್ಕೆ ತಳ್ಳಿದ.

ರಿಜಿಸ್ಟರಿನಲ್ಲಿ ದಿನಕ್ಕೆರಡು ಬಾರಿ, ತಪ್ಪದೆ, ನಾಲ್ಕು ಡಿಗ್ರಿ ಎಂದು ಫೆಲಿಕ್ಸ್ ಬರೆದಿದ್ದ. ಬಿಯರ್ ಬೇರೆಯೇ ಹೇಳುತ್ತಿತ್ತು. ಶೆಣೈ ವರದಿ ಕೇಳಿದರು. 'ಸಂಗ್ರಹದ ವೇಳೆ ತಾಪಮಾನ ಕಾಯ್ದುಕೊಂಡಿಲ್ಲ' ಎಂದು ಬರೆದೆ. ವಿಜ್ಞಾನದ ಪ್ರಕಾರ ಸರಿಯಾದ ವಾಕ್ಯ. ಯಾರು, ಯಾಕೆ, ಎಲ್ಲಿ ಕೂತು ಮೊಸರನ್ನ ತಿಂದರು ಎಂಬುದು ಅದರಲ್ಲಿರಲಿಲ್ಲ. ಹೊಸಬರು ಇದನ್ನು ಗಮನಿಸಬೇಕು. ಸುಳ್ಳು ಬರೆಯದೆಯೂ ಒಬ್ಬನನ್ನು ಮುಳುಗಿಸಬಹುದು.

ಶೆಣೈ ಓದಿ ಹೇಳಿದರು: "ಸ್ಟೋರ್ ಯಾರದ್ದು? ಫೆಲಿಕ್ಸನದ್ದು. ರಿಜಿಸ್ಟರ್ ಯಾರದ್ದು? ಅವನದ್ದೇ. ಕೂತಲ್ಲೇ ನಾಲ್ಕು ನಾಲ್ಕು ಅಂತ ಬರ್ದು ಇಟ್ಟಿದ್ದಾನೆ. ಖಲಾಸ್. ಜಪಾನಿನವರು ಬಂದು ಹೋಗ್ಲಿ, ಆಮೇಲೆ ವೀಸಾ ಕ್ಯಾನ್ಸಲ್."

ಮೆಟ್ಟಿಲ ಮೇಲೆ ಫೆಲಿಕ್ಸ್ ಸಿಕ್ಕಿದ. "ಡಾಕ್ಟ್ರೇ, ನಾನು ಸುಳ್ಳು ಬರಿಲಿಲ್ಲ. ಮುಳ್ಳು ನಾಲ್ಕರಲ್ಲೇ ಇತ್ತು."

"ಗೊತ್ತು ಫೆಲಿಕ್ಸ್."

"ಮಾರ್ಚ್ ತನಕ ಬಿಟ್ರೆ ಸಾಕು. ಅವಳ ಪರೀಕ್ಷೆ ಮುಗೀಲಿ. ಈಗ ಊರಿಗೆ ಕರ್ಕೊಂಡು ಹೋದ್ರೆ ವರ್ಷ ಹೋಯ್ತು. ನೀವು ಒಂದು ಮಾತು ಹೇಳಿ ಸರ್."

ಹೇಳುತ್ತೇನೆ ಎಂದೆ. ಎರಡು ವಾರ ಹೇಳಲಿಲ್ಲ. ಬುತ್ತಿಯ ವಿಷಯ ಅವನೂ ಎತ್ತಲಿಲ್ಲ. ಬಾಗಿಲಿಗೂ ಬಿಯರಿಗೂ ಸಂಬಂಧ ಕಾಣದೆ ಸುಮ್ಮನಿದ್ದನೋ, ನನ್ನ ಮುಖ ನೋಡಿ ಸುಮ್ಮನಿದ್ದನೋ, ಹೇಳಲಾರೆ. ನನಗೂ ಸಂಬಂಧ ಪೂರ್ತಿ ಹೊಳೆದಿರಲಿಲ್ಲ. ದಿನಕ್ಕೆ ಒಂದು ಗಂಟೆಯಲ್ಲಿ ಬಾಟಲಿ ಎಷ್ಟು ಬಿಸಿಯಾದೀತು ಎಂದು ನನಗೆ ನಾನೇ ವಾದಿಸಿಕೊಳ್ಳುತ್ತಿದ್ದೆ.

ನಕಾನೊ ಸ್ವತಃ ಬಂದರು. ಅರವತ್ತರ ಹತ್ತಿರದ ಸಣಕಲು ಮನುಷ್ಯ. ಇಂಗ್ಲಿಷ್ ಸ್ವಲ್ಪವೇ ಬರುತ್ತಿತ್ತು. ಯಾರನ್ನೂ ದೂರಲಿಲ್ಲ. ಕೋಲ್ಡ್ ರೂಮ್ ನೋಡಬೇಕು ಎಂದಷ್ಟೇ ಹೇಳಿದರು. ಶೆಣೈ, ಫೆಲಿಕ್ಸ್, ನಾನು ಒಳಗೆ ಹೋದೆವು. ಬೀಗದ ಕೈ ಹಿಡಿದು ಬಂದ ಸಾಲಿಂ ಬಾಗಿಲ ಬಳಿ ನಿಂತ. ನಕಾನೊ ಮೊದಲು ಥರ್ಮಾಮೀಟರ್ ನೋಡಿದರು. ಅದು ಹಿಂದಿನ ಗೋಡೆಯಲ್ಲಿ, ತಂಪು ಕೊಡುವ ಕೊಳವೆಗಳ ಪಕ್ಕದಲ್ಲೇ ನೇತಾಡುತ್ತಿತ್ತು. ನೇತು ಹಾಕಿಸಿದವನು ನಾನೇ. ಅಲ್ಲಿ ಮೊಳೆ ಇತ್ತು, ಅದಕ್ಕೆ. ಬಳಿಕ ಕೊಳವೆಗಳ ಜಾಲರಿ ತೆಗೆಸಿದರು. ಒಳಗೆ ಗೋಡೆಯಂತೆ ಗಟ್ಟಿ ಮಂಜು. ಬಾಗಿಲಿಂದ ದಿನಾ ನುಗ್ಗಿದ ಸಮುದ್ರದ ತೇವದ ಗಾಳಿ ಅಲ್ಲಿ ಹೆಪ್ಪುಗಟ್ಟಿ, ತಂಪನ್ನು ಹೊರಗೆ ಬಿಡದೆ ತಡೆದಿತ್ತು. ಪಕ್ಕದ ಥರ್ಮಾಮೀಟರಿಗೆ ಚಳಿ, ಬಾಗಿಲ ಬಳಿಯ ಬಿಯರಿಗೆ ಮಸ್ಕತ್ತಿನ ಸೆಕೆ. ಎಂ.ಎಸ್ಸಿ. ಓದಿದವನಿಗೆ ಕಾಣದ್ದು ಅವರಿಗೆ ಕಂಡಿತು.

ಆಮೇಲೆ ಅವರು ಬಗ್ಗಿ ನೆಲದಿಂದ ಏನನ್ನೋ ಬೆರಳ ತುದಿಯಲ್ಲಿ ಎತ್ತಿದರು. ಒಂದು ಸಾಸಿವೆ ಕಾಳು, ಒಗ್ಗರಣೆಯದು.

"ನಮ್ಮ ಮನೆಯಲ್ಲಿ ಚಳಿಗಾಲ ಸಾಕೆ ಮಾಡುವಾಗ ಯಾರೂ ನಾತ್ತೊ ತಿನ್ನುವುದಿಲ್ಲ" ಎಂದರು. ನಾತ್ತೊ ಎಂದರೆ ಹುದುಗಿಸಿದ ಸೋಯಾ ಕಾಳು. ಅದರ ಸೂಕ್ಷ್ಮಜೀವಿ ಸಾಕೆಗೆ ಹಾಕುವ ಬೂಷ್ಟನ್ನು ಕೆಡಿಸುತ್ತದೆ. "ನನಗೆ ನಾತ್ತೊ ತುಂಬಾ ಇಷ್ಟ. ಆದರೂ ತಿನ್ನುವುದಿಲ್ಲ." ನಂತರ ಕೇಳಿದರು: "ಮಧ್ಯಾಹ್ನ ಇಲ್ಲಿ ಏನು ನಡೆಯುತ್ತದೆ?"

ಫೆಲಿಕ್ಸ್, "ನಾನು ಊಟ ಮಾಡ್ತಿದ್ದೆ ಸರ್, ಬಾಗಿಲು ತೆಗೆದು" ಎಂದ. ನಾವು ಎನ್ನಲಿಲ್ಲ. ನಾನು ಎಂದ.

ಆಗ ನಾನು ಒಂದು ಹೆಜ್ಜೆ ಮುಂದೆ ಬಂದು, "ಅವನೊಬ್ಬನೇ ಅಲ್ಲ, ನಾಲ್ಕು ಜನ. ನಾನೂ ಇದ್ದೆ. ಅಲ್ಲಿ ಕೂರೋಣ ಅಂದವನೇ ನಾನು" ಎಂದೆ. ಶೆಣೈಯವರ ಮುಖ ಕೆಂಪಾಯಿತು. ಇಷ್ಟು ಜನರನ್ನು ಒಟ್ಟಿಗೆ ಕಳಿಸಲು ಆಗುವುದಿಲ್ಲವಲ್ಲ. ಫೆಲಿಕ್ಸ್ ಉಳಿದ. ಮಗಳು ಪರೀಕ್ಷೆ ಬರೆದಳು, ಹನ್ನೆರಡನೇ ತರಗತಿಯನ್ನೂ ಅಲ್ಲೇ ಮುಗಿಸಿದಳು. ಅಂಗಳದ ಚರಂಡಿಗೆ ಬಿಯರ್ ಸುರಿಯುವ ದಿನ ನಕಾನೊ ಮೊದಲ ಬಾಟಲಿಯನ್ನು ತಾವೇ ತೆರೆದು, ತಲೆಬಾಗಿ ಸುರಿದರು. ಸತ್ತ ಮಗುವಿಗೆ ನೀರು ಬಿಟ್ಟಂತೆ ಕಂಡಿತು. ಫೆಲಿಕ್ಸ್ ತಿರುಗಿ ನಿಂತ. ಮುಂದಿನ ವರ್ಷ ಅವರು ಮತ್ತೆ ಬಿಯರ್ ಕಳಿಸಿದರು. ಆ ಹೊತ್ತಿಗೆ ಕೋಣೆಯ ನಾಲ್ಕು ಮೂಲೆಗೂ ತಾಪಮಾನ ತಾನೇ ಬರೆದಿಟ್ಟುಕೊಳ್ಳುವ ಪುಟ್ಟ ಯಂತ್ರಗಳು ಬಂದಿದ್ದವು.

ಈ ಕತೆಯನ್ನು ನಾನು ಹತ್ತಾರು ಕಡೆ ಹೇಳಿದ್ದೇನೆ, ನನ್ನ ಬೀಳ್ಕೊಡುಗೆಯಲ್ಲೂ. ಇಲ್ಲಿಯವರೆಗೆ ಬರೆದ ಮೇಲೆ, ಇನ್ನೊಂದು ಮಾದರಿ ಇರಲಿ ಎಂದು ಕಳೆದ ತಿಂಗಳು ಶಿರ್ವಕ್ಕೆ ಫೋನ್ ಮಾಡಿ ಫೆಲಿಕ್ಸನಿಗೆ ಓದಿ ಹೇಳಿದೆ. ಅವನು ಪೂರ್ತಿ ಕೇಳಿದ.

"ಎಲ್ಲ ಸರಿ ಡಾಕ್ಟ್ರೇ. ಆದ್ರೆ ನೀವು ಮಾತಾಡ್ಲಿಲ್ಲ."

"ಒಂದು ಹೆಜ್ಜೆ ಮುಂದೆ ಬಂದದ್ದು ಚೆನ್ನಾಗಿ ನೆನಪಿದೆ ಕಣ್ರೀ."

"ಬಂದ್ರಿ, ಹೌದು. ಬಾಗಿಲು ಹಾಕ್ಲಿಕ್ಕೆ. ತಂಪು ಹೋಗ್ತದೆ ಅಂತ."

ಮಾತಾಡಿದ್ದು ಸಾಲಿಂ ಅಂತೆ. ಇಂಗ್ಲಿಷ್ ಬಾರದಿದ್ದರೂ ಸಾಸಿವೆ ಕಾಳನ್ನೂ ನಮ್ಮ ಮುಖಗಳನ್ನೂ ನೋಡಿ ಅವನಿಗೆ ಅರ್ಥವಾಗಿತ್ತು. "ಶೆಣೈ ಸಾಬ್, ಫೆಲಿಕ್ಸ್ ಒಬ್ಬನೇ ಅಲ್ಲ, ಡಾಕ್ಟರ್ ಕೂಡ. ನಾಲ್ಕು ಜನ. ಆ ಹೊತ್ತಿಗೆ ಲಾರಿ ಬಂದರೆ ಒಳಗೆ ಸ್ಟಾಕ್ ಎಣಿಸ್ತಿದ್ದಾರೆ ಅಂತ ಹೇಳಿ ಗೇಟಲ್ಲೇ ನಿಲ್ಲಿಸ್ತಿದ್ದವನು ನಾನು. ಹೆಸರು ಬರಿಯೋದಾದ್ರೆ ನನ್ನದನ್ನ ಮೊದಲು ಬರಿ" ಎಂದನಂತೆ. ತಿಂಗಳಿಡೀ ನಾವು ಯಾರಿಂದ ಅಡಗಿ ಉಂಡೆವೋ ಅವನೇ ನಮ್ಮನ್ನು ಕಾಯುತ್ತಿದ್ದ.

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಫೆಲಿಕ್ಸ್?"

"ನೀವು ಅಷ್ಟು ಚಂದ ಹೇಳ್ತಿದ್ರಿ, ನಡುವಲ್ಲಿ ಎಂತಕ್ಕೆ ಬಾಯಿ ಹಾಕುದು? ಮತ್ತೆ ಮರುದಿನ ಎರಡನೇ ರಿಪೋರ್ಟ್ ಕೊಟ್ರಲ್ಲ ನೀವು. ನಾಲ್ಕು ಹೆಸರು, ಮೊದಲು ನಿಮ್ಮದೇ. ಶೆಣೈ ಟೇಬಲಲ್ಲಿ ನಾನೇ ನೋಡಿದ್ದು."

ಆ ಎರಡನೇ ವರದಿ ನನಗೆ ಕಿಂಚಿತ್ತೂ ನೆನಪಿಲ್ಲ. ಫೆಲಿಕ್ಸ್ ನನ್ನ ಸಮಾಧಾನಕ್ಕೆ ಹೇಳಿರಬಹುದು. ನಿಜವೂ ಇರಬಹುದು. ಮೇಲೆ ನಾನು ಬರೆದ ಆ ಒಂದು ಹೆಜ್ಜೆಯನ್ನು ಹೊಡೆದುಹಾಕದೆ ಹಾಗೇ ಬಿಟ್ಟಿದ್ದೇನೆ, ಓದುವವರು ನನ್ನಂಥವರ ವರದಿಗಳನ್ನು ಎಷ್ಟು ನಂಬಬೇಕೆಂದು ತಿಳಿಯಲಿ ಎಂದು.

ಫೆಲಿಕ್ಸನ ಹತ್ತಿರ ಸಾಲಿಂನ ನಂಬರ್ ಇತ್ತು. ಕೆಲಸ ಬಿಟ್ಟು ಇಬ್ರಿಯಲ್ಲೇ ಇದ್ದಾನೆ. ಎರಡು ದಿನ ತಡೆದು ಫೋನ್ ಮಾಡಿದೆ. ಡಾಕ್ಟರ್ ಎಂದ ಮೇಲೆ ಗುರುತಿಸಿದ. ಎಲ್ಲವನ್ನೂ ನನ್ನ ಹರಕು ಹಿಂದಿಯಲ್ಲಿ ವಿವರಿಸಿ, ತಡವಾದ ಧನ್ಯವಾದ ಹೇಳಿದೆ.

ಶೆಣೈ ಮುಂದೆ ತಾನೇನು ಹೇಳಿದ್ದೆನೋ ನೆನಪಿಲ್ಲ ಎಂದ ಸಾಲಿಂ. ಜಪಾನಿನ ಮನುಷ್ಯನೂ ನೆನಪಿಲ್ಲ. ಲಾರಿಗಳನ್ನು ನಿಲ್ಲಿಸಿದ್ದಿರಬಹುದು. ಆದರೆ ಒಂದು ನೆನಪಿದೆ ಎಂದು ನಗತೊಡಗಿದ. "ಫೆಲಿಕ್ಸನ ಮೀನು! ಗೇಟಿನವರೆಗೂ ಬರ್ತಿತ್ತು ಆ ವಾಸನೆ. ದಿನಾ, ಹನ್ನೆರಡು ಗಂಟೆಗೆ ಸರಿಯಾಗಿ. ಡಾಕ್ಟರ್ ಸಾಬ್, ಉಪವಾಸದ ಮನುಷ್ಯ ನಾನು. ಬಾಗಿಲನ್ನಾದರೂ ಸರಿಯಾಗಿ ಹಾಕಿಕೊಳ್ಳಬಾರದಿತ್ತಾ ನೀವು?"